ಅರ್ಜಿಯ ನಾಲ್ಕನೇ ಸಾಲು

ನಮ್ಮ ಊರಿನ ಕನ್ನಡ ಕೂಟದ ಕಾರ್ಯಕಾರಿ ಸಮಿತಿಗೆ, ಹಾಗೆಯೇ ಅಮೆರಿಕದ ಎಲ್ಲ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸಮಿತಿಯ ಸದಸ್ಯರೇ,

ನಮಸ್ಕಾರ. ನಿಮ್ಮಲ್ಲಿ ತುಂಬ ಜನಕ್ಕೆ ನನ್ನ ಪರಿಚಯ ಇದೆ. ಒಂಬತ್ತು ವರ್ಷದಿಂದ ಭಾನುವಾರದ ಕನ್ನಡ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೇನೆ. ರಾಜ್ಯೋತ್ಸವದ ದಿನ ವೇದಿಕೆಯ ಹಿಂದೆ ಬಾಯಲ್ಲಿ ಸೇಫ್ಟಿ ಪಿನ್ನು ಕಚ್ಚಿಕೊಂಡು ಮಕ್ಕಳಿಗೆ ಪೇಟ ಕಟ್ಟುವ ಹೆಂಗಸು ಅಂದರೆ ಬೇಗ ಗುರುತು ಸಿಗಬಹುದು. ಇಲ್ಲಿ ಹೆಸರು ಹಾಕಿಲ್ಲ. ಅದು ನನ್ನ ಸಲುವಾಗಿ ಅಲ್ಲ, ಮಗಳ ಸಲುವಾಗಿ. ಅವಳ ಕಾಗದಪತ್ರ ಇನ್ನೂ ಅತಂತ್ರವಾಗಿಯೇ ಇದೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. 2022ರ ವಸಂತದಲ್ಲಿ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಕೂಟದ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಿದ್ದಿರಿ. ಅವಳು ಏಳನೇ ವಯಸ್ಸಿನಿಂದ ನಮ್ಮ ಕೂಟದ ವೇದಿಕೆ ಮೇಲೆ ನಾಡಗೀತೆ ಹಾಡಿದವಳು. ಎರಡು ವರ್ಷ ನನ್ನ ಜೊತೆ ನಿಂತು ಚಿಕ್ಕವರಿಗೆ ಕಾಗುಣಿತ ಹೇಳಿಕೊಟ್ಟವಳು. ಅರ್ಜಿಯ ಪ್ರಬಂಧವನ್ನು ಕನ್ನಡದಲ್ಲೇ ಬರೆದಿದ್ದಳು. ಒತ್ತಕ್ಷರ ತಪ್ಪಿದೆಯಾ ನೋಡು ಅಂತ ನನಗೆ ಕೊಟ್ಟಳು. ನಾನು ಓದಿ ಎರಡು ಕಡೆ ತಿದ್ದಿದೆ. ಆಮೇಲೆ ಅರ್ಜಿ ತುಂಬಲು ಕೂತಳು. ಹೆಸರು, ಶಾಲೆ, ಅಂಕಗಳ ಸರಾಸರಿ. ನಾಲ್ಕನೇ ಸಾಲಿಗೆ ಬಂದು ನಿಂತುಬಿಟ್ಟಳು. “ಅಮೆರಿಕದ ಪ್ರಜೆಗಳು ಅಥವಾ ಗ್ರೀನ್ ಕಾರ್ಡ್ ಇರುವವರು ಮಾತ್ರ ಅರ್ಹರು.”

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಏನೂ ಹೇಳಲಿಲ್ಲ. ಆ ಪ್ರಬಂಧ ಇವತ್ತಿಗೂ ನನ್ನ ಹತ್ತಿರ ಇದೆ.

ಯಾರೋ ಬೇಕಂತಲೇ ಹಾಕಿದ ಸಾಲು ಅದು ಅಂತ ನಾನು ಹೇಳುತ್ತಿಲ್ಲ. ಬೇರೆ ಯಾವುದೋ ಸಂಸ್ಥೆಯ ಅರ್ಜಿಯಿಂದ ಎತ್ತಿ ಹಾಕಿರಬೇಕು. ಸರ್ಕಾರದ ದುಡ್ಡಾದರೆ ಆ ನಿಯಮ ಬೇಕು ಅನ್ನಬಹುದು. ಇದು ನಾವೆಲ್ಲ ಊಟದ ಕೂಪನ್ ಮಾರಿ, ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಮಾರಿ ಕೂಡಿಸಿದ ದುಡ್ಡು. ಆ ಪೊಟ್ಟಣಗಳನ್ನು ಕಟ್ಟಿದ ಕೈಗಳಲ್ಲಿ ಅವಳದ್ದೂ ಒಂದು ಜೊತೆ.

ಆಗ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ನಮ್ಮ ಜನ ಇದನ್ನು ಮುಚ್ಚಿಡುತ್ತಾರೆ, ನಾನೂ ಮುಚ್ಚಿಟ್ಟೆ. ಈಗ ಬಿಚ್ಚಿ ಹೇಳುತ್ತೇನೆ, ಏಕೆಂದರೆ ಕಳೆದ ತಿಂಗಳ ಸಭೆಯಲ್ಲಿ ಹಿರಿಯರೊಬ್ಬರು “ಮಗಳು ಇಷ್ಟು ಚೆನ್ನಾಗಿ ಓದಿದ್ದಾಳೆ, ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿಬಿಡಿ, ಅಷ್ಟೇ ಅಲ್ವಾ?” ಎಂದರು. ಅಷ್ಟೇ ಅಲ್ಲ ಸ್ವಾಮಿ.

ನಾವು ಇಲ್ಲಿಗೆ ಬಂದದ್ದು 2010ರಲ್ಲಿ. ಯಜಮಾನರದ್ದು ಎಚ್-1ಬಿ, ಅಂದರೆ ಕೆಲಸದ ವೀಸಾ; ನನ್ನದು ಮತ್ತು ಮಗಳದ್ದು ಎಚ್-4, ಅಂದರೆ ಅವರ ಹೆಂಡತಿ ಮಕ್ಕಳ ವೀಸಾ. ಅವಳಿಗೆ ಆಗ ಆರು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಒಂದನೇ ಕ್ಲಾಸಿನಿಂದ ಓದಿದ್ದೆಲ್ಲ ಇಲ್ಲೇ. 2012ರಲ್ಲಿ ಮಗ ಹುಟ್ಟಿದ. ಅವನು ಹುಟ್ಟಿದ ಗಳಿಗೆಯಿಂದ ಈ ದೇಶದ ಪ್ರಜೆ. ಒಂದೇ ಮನೆ, ಒಂದೇ ಸಾರು, ಒಂದೇ ಶಾಲೆಯ ಬಸ್ಸು. ಅಕ್ಕ ಬೇರೆ, ತಮ್ಮ ಬೇರೆ. ಅವನು ಚಿಕ್ಕವನಿದ್ದಾಗ ಜಗಳದಲ್ಲಿ ಒಂದು ಸಲ “ನೀನು ವಿಸಿಟರ್” ಎಂದುಬಿಟ್ಟಿದ್ದ. ಎಲ್ಲಿ ಕೇಳಿಸಿಕೊಂಡಿದ್ದನೋ. ಆ ದಿನ ಅವನಿಗೆ ಎರಡು ಬಿಗಿದೆ. ಹೊಡೆಯಬಾರದಿತ್ತು.

ಯಜಮಾನರ ಗ್ರೀನ್ ಕಾರ್ಡ್ ಕೆಲಸ ಶುರುವಾಗಿದ್ದು 2015ರ ಫೆಬ್ರವರಿಯಲ್ಲಿ. ಅದೇ ನಮ್ಮ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಮ್ಮ ನಂಬರು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ಇಡೀ ಪ್ರಪಂಚಕ್ಕೆ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಈ ಲೆಕ್ಕದಲ್ಲೇ ಸೇರುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಜಾಸ್ತಿ ಹೋಗುವಂತಿಲ್ಲ. ಬೇರೆಯವರು ಬಳಸದೆ ಮಿಕ್ಕಿದ್ದರೆ ಮಾತ್ರ ಅದಕ್ಕಿಂತ ಹೆಚ್ಚು ಸಿಗುತ್ತದೆ. ಈ ಲೆಕ್ಕ 1990ರ ಕಾಯ್ದೆಯದ್ದು. ಪುಟ್ಟ ದೇಶಕ್ಕೂ ಅದೇ ಮಿತಿ, ಭಾರತಕ್ಕೂ ಅದೇ ಮಿತಿ. ಹಾಗಾಗಿ ನಮ್ಮ ಸಾಲು ಇಷ್ಟು ಉದ್ದ.

ಆದರೆ ಮಕ್ಕಳು ಅಪ್ಪನ ಅರ್ಜಿಯ ಬೆನ್ನಿಗೆ ಅಂಟಿಕೊಂಡಿರುವುದು ಇಪ್ಪತ್ತೊಂದು ವರ್ಷದವರೆಗೆ ಮಾತ್ರ. ಇಪ್ಪತ್ತೊಂದು ತುಂಬಿದ ದಿನ ಕಳಚಿಕೊಳ್ಳುತ್ತಾರೆ. ಎಚ್-4 ಕೂಡ ಅವತ್ತಿಗೇ ಮುಗಿಯುತ್ತದೆ. ಏಜ್ ಔಟ್ ಅನ್ನುತ್ತಾರಲ್ಲ, ಅದು ಇದೇ.

ಇದಕ್ಕೆ ಸ್ವಲ್ಪ ರಕ್ಷಣೆ ಕೊಡಲು 2002ರಲ್ಲಿ ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆಕ್ಟ್ ಬಂತು. ನಮ್ಮ ಸರದಿ ಬಂದ ದಿನ ಮಗುವಿನ ವಯಸ್ಸು ಎಷ್ಟೋ, ಅದರಲ್ಲಿ ಕಂಪನಿ ಹಾಕಿದ ಐ-140 ಅರ್ಜಿ ಸರ್ಕಾರದ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತೋ ಅಷ್ಟು ದಿನ ಕಳೆಯುತ್ತಾರೆ. ಕಳೆದ ಮೇಲೆ ಇಪ್ಪತ್ತೊಂದಕ್ಕೆ ಕಡಿಮೆ ಇದ್ದರೆ ಮಗು ಉಳಿಯಿತು. ಅಂದರೆ ಆ ಅರ್ಜಿ ನಿಧಾನವಾದಷ್ಟೂ ಮಗುವಿಗೆ ಒಳ್ಳೆಯದು! ನಮಗೇನು ಗೊತ್ತಿತ್ತು? ಕಂಪನಿಯವರಿಗೆ ದುಂಬಾಲು ಬಿದ್ದು, 1,225 ಡಾಲರಿನ ಪ್ರೀಮಿಯಂ ಪ್ರೊಸೆಸಿಂಗ್ ಹಾಕಿಸಿದೆವು. ಹನ್ನೊಂದು ದಿನಕ್ಕೆ ಮಂಜೂರಾಯಿತು. ಅವತ್ತು ಮನೆಯಲ್ಲಿ ಶಾವಿಗೆ ಪಾಯಸ. ಮಗಳ ಲೆಕ್ಕಕ್ಕೆ ಸಿಕ್ಕಿದ್ದು ಬರೀ ಹನ್ನೊಂದು ದಿನ.

ಸತ್ಯ ಹೇಳಬೇಕು ಅಂದರೆ, ನಮ್ಮ ವಿಷಯದಲ್ಲಿ ಎಂಟು ತಿಂಗಳು ಸಿಕ್ಕಿದ್ದರೂ ಸಾಲುತ್ತಿರಲಿಲ್ಲ. ನಮ್ಮ ತರಗತಿಯ ಇನ್ನೊಂದು ಮನೆಯವರಿಗೆ ಮಾತ್ರ ನಾಲ್ಕು ತಿಂಗಳು ಸಿಕ್ಕಿದ್ದರೆ ಮಗ ಉಳಿಯುತ್ತಿದ್ದ. ಅವರೂ ನಮ್ಮಂತೆಯೇ ದುಡ್ಡು ಕೊಟ್ಟು ಬೇಗ ಮಾಡಿಸಿಕೊಂಡವರು. ಯಾರೂ ಅವರಿಗೆ ಹೇಳಿರಲಿಲ್ಲ.

ಸಾಲಿನಲ್ಲಿ ಯಾವ ದಿನಾಂಕದವರೆಗೆ ಸರದಿ ಬಂತು ಅಂತ ಹೇಳುವ ಸರ್ಕಾರಿ ಪಟ್ಟಿ, ವೀಸಾ ಬುಲೆಟಿನ್ ಅಂತ, ಪ್ರತಿ ತಿಂಗಳು ಬರುತ್ತದೆ. ಅದರಲ್ಲಿ ಕೊನೆಯ ಅರ್ಜಿ ಹಾಕಲು ಒಂದು ದಿನಾಂಕ, ಕಾರ್ಡ್ ಕೊಡಲು ಇನ್ನೊಂದು ದಿನಾಂಕ ಇರುತ್ತದೆ. ನಮ್ಮಂಥವರ ಮನೆಯಲ್ಲಿ ಅದು ಪಂಚಾಂಗ ಇದ್ದ ಹಾಗೆ. 2020ರ ಅಕ್ಟೋಬರಿನಲ್ಲಿ ಭಾರತದವರ ಇಬಿ-3 (ಉದ್ಯೋಗದ ಮೂರನೇ ವರ್ಗ) ಸಾಲಿನಲ್ಲಿ ಅರ್ಜಿ ಹಾಕುವ ದಿನಾಂಕ ಒಮ್ಮೆಲೇ 2015ರ ಜನವರಿ 1ಕ್ಕೆ ನೆಗೆಯಿತು. ನಮ್ಮದು ಫೆಬ್ರವರಿ. ಒಂದು ತಿಂಗಳ ಚಿಲ್ಲರೆಗೆ ತಪ್ಪಿತು. 2022ರ ಬೇಸಿಗೆಯಲ್ಲಿ ಇಬಿ-2 (ಎರಡನೇ ವರ್ಗ) ಸಾಲು 2014ರ ಡಿಸೆಂಬರ್ 1ರವರೆಗೆ ಬಂತು. ಮುಂದಿನ ತಿಂಗಳು ನಮ್ಮದೇ ಅಂದುಕೊಂಡು ಮೆಡಿಕಲ್ ಪರೀಕ್ಷೆಗೆ ಫೋನ್ ಮಾಡಿ ವಿಚಾರಿಸಿಟ್ಟಿದ್ದೆ. ಅಕ್ಟೋಬರಿನಲ್ಲಿ ಅದು ಹಿಂದೆ ಸರಿದು 2012ಕ್ಕೆ ಹೋಗಿ ಕೂತಿತು. ಬಸ್ಸು ನಮ್ಮ ಸ್ಟಾಪಿನ ಹತ್ತಿರ ಬಂದು, ನಾವು ಕೈ ಎತ್ತಿದ ಮೇಲೆ ರಿವರ್ಸ್ ಹೋದ ಹಾಗೆ. 2024ರ ಸೆಪ್ಟೆಂಬರಿನಲ್ಲಿ ಅವಳಿಗೆ ಇಪ್ಪತ್ತೊಂದು ತುಂಬಿತು.

ಇಷ್ಟರ ನಡುವೆ ಅವಳ ಬಾಲ್ಯ ಹೇಗಿತ್ತು ಅಂತಲೂ ಸ್ವಲ್ಪ ಕೇಳಿ. ಎಚ್-4 ಮಕ್ಕಳು ಒಂದು ಡಾಲರೂ ದುಡಿಯುವಂತಿಲ್ಲ. ನನಗೆ 2015ರ ನಿಯಮದಿಂದ ಕೆಲಸದ ಪರವಾನಗಿ ಸಿಕ್ಕಿತು, ಅದು ಗಂಡ ಅಥವಾ ಹೆಂಡತಿಗೆ ಮಾತ್ರ, ಮಕ್ಕಳಿಗಿಲ್ಲ. ಹೈಸ್ಕೂಲಿನಲ್ಲಿ ಗೆಳತಿಯರೆಲ್ಲ ಬೇಸಿಗೆ ರಜೆಗೆ ಐಸ್‌ಕ್ರೀಮ್ ಅಂಗಡಿಗೆ ಸೇರಿದರು. ಇವಳೂ ಹೋಗಿ ಕೇಳಿದಳು. ಸೋಶಿಯಲ್ ಸೆಕ್ಯೂರಿಟಿ ನಂಬರ್ ಬರೆಯಮ್ಮ ಎಂದರಂತೆ. ಇವಳಿಗೆ ಆ ನಂಬರೇ ಇಲ್ಲ. ವಾಪಸ್ ಬಂದು ಗೆಳತಿಯರಿಗೆ “ನಮ್ಮಪ್ಪ ಅಮ್ಮ ಕೆಲಸಕ್ಕೆ ಬಿಡಲ್ಲ, ತುಂಬಾ ಸ್ಟ್ರಿಕ್ಟ್” ಎಂದಳಂತೆ. ಇದು ನನಗೆ ಗೊತ್ತಾಗಿದ್ದು ಮೂರು ವರ್ಷದ ಮೇಲೆ. ಅಷ್ಟು ದಿನ ಅವಳ ಗೆಳತಿಯರ ಕಣ್ಣಲ್ಲಿ ನಾನು ರಾಕ್ಷಸಿ. ಇರಲಿ, ಆ ಪಾತ್ರವನ್ನು ಖುಷಿಯಾಗಿಯೇ ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತೊಂದರ ಒಳಗೆ ಬೇರೆ ವೀಸಾಕ್ಕೆ ದಾಟಬೇಕಲ್ಲ, ಅದಕ್ಕೆ 2024ರ ಶುರುವಿನಲ್ಲಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಲು ಕೂತೆವು. ಅಡುಗೆಮನೆಯ ಟೇಬಲ್ಲು, ರಾತ್ರಿ ಹತ್ತು ಗಂಟೆ. ವಿದೇಶದಲ್ಲಿರುವ ನಿಮ್ಮ ಮನೆಯ ವಿಳಾಸ ಬರೆಯಿರಿ ಅಂತ ಒಂದು ಕಾಲಂ. “ಅಮ್ಮಾ, ಇಲ್ಲಿ ಏನು ಬರೀಲಿ?” ಎಂದಳು. ಅಜ್ಜಿ ಮನೆಯನ್ನು 2019ರಲ್ಲೇ ಮಾರಿದ್ದೆವು. ಕೊನೆಗೆ ನಮ್ಮಣ್ಣನ ಮನೆಯ ವಿಳಾಸ ಹಾಕಿದೆವು. ಅವಳು ಆ ಮನೆಯಲ್ಲಿ ಒಟ್ಟು ಉಳಿದಿರುವುದು ಹೆಚ್ಚೆಂದರೆ ಎರಡು ವಾರ. ಎಫ್-1 ನಿಯಮದ ಪ್ರಕಾರ ತನ್ನ ಮನೆ ಬೇರೆ ದೇಶದಲ್ಲಿದೆ, ಓದು ಮುಗಿಸಿ ಅಲ್ಲಿಗೆ ಹೋಗುತ್ತೇನೆ ಅಂತ ಅವಳು ತೋರಿಸಬೇಕು. ಅದೇ ಹುಡುಗಿಯ ಹೆಸರು ಅಪ್ಪನ ಗ್ರೀನ್ ಕಾರ್ಡ್ ಕಡತದಲ್ಲಿ, ಇಲ್ಲೇ ಶಾಶ್ವತವಾಗಿ ಇರುವವಳು ಅಂತ, ಒಂಬತ್ತು ವರ್ಷದಿಂದ ಇತ್ತು. ಆರನೇ ವರ್ಷಕ್ಕೆ ಬಂದವಳು, ಇಪ್ಪತ್ತನೇ ವರ್ಷಕ್ಕೆ ಈಗಷ್ಟೇ ವಿಮಾನ ಇಳಿದ ವಿದೇಶಿ ವಿದ್ಯಾರ್ಥಿ ಆದಳು. ಕಾಲೇಜಿನ ಫೀಸೂ ಹಾಗೆಯೇ ಬದಲಾಯಿತು. ಎಚ್-4 ಇರುವವರೆಗೆ ರಾಜ್ಯದವರ ಫೀಸು, ಆಮೇಲೆ ಹೊರಗಿನವರದ್ದು. ಯಜಮಾನರು ನಿವೃತ್ತಿಗೆ ಅಂತ ಇಟ್ಟಿದ್ದ ದುಡ್ಡಿಗೆ ಕೈ ಹಾಕಿದರು.

ಈಗ ಅವಳದ್ದು ಕೊನೆಯ ವರ್ಷ. ಮುಗಿದ ಮೇಲೆ ಒಂದು ವರ್ಷ ಒಪಿಟಿ, ಅಂದರೆ ಓದಿದವರಿಗೆ ಕೊಡುವ ತಾತ್ಕಾಲಿಕ ಕೆಲಸದ ಪರವಾನಗಿ; ವಿಜ್ಞಾನ ತಂತ್ರಜ್ಞಾನದ ಓದಾದ್ದರಿಂದ ಇನ್ನೆರಡು ವರ್ಷ. ಅಷ್ಟರೊಳಗೆ ಎಚ್-1ಬಿ ಆಯ್ಕೆಯಲ್ಲಿ ಹೆಸರು ಬರಬೇಕು. ವರ್ಷಕ್ಕೆ 85,000, ಕೇಳುವವರು ಅದರ ಎಷ್ಟೋ ಪಟ್ಟು. ಬಂದರೆ ಅವಳು ತನ್ನದೇ ಗ್ರೀನ್ ಕಾರ್ಡ್ ಅರ್ಜಿಯನ್ನು ಹೊಸದಾಗಿ ಹಾಕಬಹುದು, ಸಾಲಿನ ಕಟ್ಟಕಡೆಯಲ್ಲಿ, ನಮ್ಮ ಹಿಂದೆ. ಅಪ್ಪ ಕಾದ ವರ್ಷಗಳಲ್ಲಿ ಒಂದೂ ಅವಳ ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ಅವಳ ಪರವಾಗಿ ಅರ್ಜಿ ಹಾಕಬಹುದಲ್ಲಾ ಎಂದರು ಒಬ್ಬರು. ಅವನಿಗೆ ಇಪ್ಪತ್ತೊಂದಾಗುವುದು 2033ಕ್ಕೆ. ಆಮೇಲೆ ಒಡಹುಟ್ಟಿದವರ ಸಾಲಿನಲ್ಲಿ ಭಾರತದವರು ಹದಿನೈದು ವರ್ಷಕ್ಕೂ ಜಾಸ್ತಿ ಕಾಯಬೇಕು. ಅಷ್ಟು ಹೊತ್ತಿಗೆ ಅವಳ ಮಕ್ಕಳಿಗೇ ನೀವು ಸ್ಕಾಲರ್‌ಶಿಪ್ ಅರ್ಜಿ ಕೊಡುತ್ತಿರುತ್ತೀರಿ.

ಚಿಕ್ಕಂದಿನಲ್ಲಿ ಬಂದು ಕಾಗದಪತ್ರ ಇಲ್ಲದೆ ಬೆಳೆದವರನ್ನು ಗಡೀಪಾರಿನಿಂದ ಕಾಯಲು 2012ರ ಜೂನ್ 15ರಂದು ಘೋಷಣೆಯಾದ ಡಾಕಾ ಯೋಜನೆ ಇವರಿಗೆ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಅದು ಇದ್ದದ್ದು 2007ರ ಜೂನ್‌ನಿಂದಲೇ ಇಲ್ಲಿದ್ದು, ಆ ದಿನ ಕಾಗದಪತ್ರ ಇಲ್ಲದವರಾಗಿದ್ದವರಿಗೆ ಮಾತ್ರ. ನಾವು ಬಂದದ್ದೇ 2010ರಲ್ಲಿ. ನಮಗಿಂತ ಮೊದಲೇ ಬಂದ ಎಚ್-4 ಮಕ್ಕಳಿಗೂ ಸಿಗಲಿಲ್ಲ, ಅವರ ಹತ್ತಿರ ಕಾಗದ ಸರಿಯಾಗಿತ್ತು. ಡಾಕಾ ಮಕ್ಕಳ ಮೇಲೆ ನನಗೆ ಹೊಟ್ಟೆಯುರಿ ಇಲ್ಲ, ಅವರ ಕಷ್ಟ ಅವರಿಗೆ. ಆದರೂ ಮೊದಲೇ ಬಂದವರಿಗೆ ಪ್ರತಿ ಸಲ ಸರಿಯಾದ ಸಮಯಕ್ಕೆ ವೀಸಾ ನವೀಕರಿಸಿದ್ದೇ ಅಡ್ಡ ಬಂತಲ್ಲಾ ಅನ್ನಿಸದೆ ಇರುತ್ತದೆಯೇ?

ಈಗ ಕಳೆದ ತಿಂಗಳ ಸಭೆಗೆ ಬರುತ್ತೇನೆ. ನಾನು ಒಂದು ಪುಟದ ಮನವಿ ತಂದಿದ್ದೆ. ನಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರಿಗೆ ಕೂಟದ ಹೆಸರಿನಲ್ಲಿ ಕಳಿಸೋಣ ಅಂತ. ಇಂಥ ಮಕ್ಕಳಿಗಾಗಿಯೇ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ಎಂಬ ಮಸೂದೆ 2021ರಲ್ಲಿ ಮಂಡನೆಯಾಗಿತ್ತು. 2023ರಲ್ಲಿ ಮತ್ತೆ ತಂದರು. ಎರಡೂ ಪಕ್ಷದವರು ಅದರ ಬೆನ್ನಿಗಿದ್ದರು. ಅಪ್ಪ ಅಮ್ಮನ ವೀಸಾದ ಮೇಲೆ ಬಂದು, ಇಲ್ಲಿ ಹತ್ತು ವರ್ಷ ಕಾನೂನುಬದ್ಧವಾಗಿ ಬೆಳೆದು, ಕಾಲೇಜು ಪದವಿ ಪಡೆದವರಿಗೆ ಖಾಯಂ ನಿವಾಸದ ದಾರಿ ಕೊಡುವುದು ಅದರ ಮುಖ್ಯ ಅಂಶ. ಅದು ಕಾನೂನಾಗಿಲ್ಲ. ಇಂಥ ಮಕ್ಕಳು ಎರಡು ಲಕ್ಷಕ್ಕೂ ಜಾಸ್ತಿ ಇದ್ದಾರೆ ಅಂತ ಅಂದಾಜು. ಅವರಲ್ಲೇ ಕೆಲವರು ಇಂಪ್ರೂವ್ ದಿ ಡ್ರೀಮ್ ಅಂತ ಸಂಘಟನೆ ಮಾಡಿಕೊಂಡು ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟುತ್ತಿದ್ದಾರೆ. ಇಪ್ಪತ್ತು ಇಪ್ಪತ್ತೆರಡು ವರ್ಷದ ಮಕ್ಕಳು.

ಯುಗಾದಿ ಕಾರ್ಯಕ್ರಮದ ಸೌಂಡ್ ಸಿಸ್ಟಮ್ ಬಾಡಿಗೆಗೆ ನಲವತ್ತು ನಿಮಿಷ ಚರ್ಚೆಯಾಯಿತು. ನನ್ನ ಮನವಿಗೆ ಐದು ನಿಮಿಷ. ಮೂರು ಉತ್ತರ ಸಿಕ್ಕವು.

ಮೊದಲನೆಯದು, ಕೂಟ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಸಂಸ್ಥೆ, ರಾಜಕೀಯ ಮಾಡುವಂತಿಲ್ಲ ಎಂದಿರಿ. ಅಭ್ಯರ್ಥಿಗಳ ಪರ ವಿರೋಧ ಪ್ರಚಾರ ಮಾಡುವಂತಿಲ್ಲ, ನಿಜ. ಆದರೆ ಒಂದು ಮಸೂದೆಯ ಬಗ್ಗೆ ಪತ್ರ ಬರೆಯುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಅದು ಸಂಸ್ಥೆಯ ಕೆಲಸದ ದೊಡ್ಡ ಪಾಲು ಆಗಬಾರದು, ಅಷ್ಟೇ. ವರ್ಷಕ್ಕೆ ಒಂದು ಪತ್ರ ಯಾವ ಲೆಕ್ಕದಲ್ಲೂ ದೊಡ್ಡ ಪಾಲಲ್ಲ. ನಮ್ಮ ಕೂಟದ ಆಡಿಟರನ್ನೇ ಕೇಳಿ ನೋಡಿ. ಇನ್ನು, ಮೇಯರ್ ಜೊತೆ ರಾಜ್ಯೋತ್ಸವದ ಘೋಷಣಾ ಪತ್ರ ಹಿಡಿದು ಫೋಟೋ ತೆಗೆಸಿಕೊಳ್ಳುವಾಗ ಈ ಭಯ ನಮಗೆ ಇರಲಿಲ್ಲ.

ಎರಡನೆಯದು, “ಎಲ್ಲರೂ ಕಷ್ಟಪಟ್ಟೇ ಬಂದಿರೋದು ಕಣಮ್ಮಾ.” ಹೇಳಿದವರ ಮೇಲೆ ನನಗೆ ಗೌರವ ಇದೆ. ಅವರು ಬಂದಾಗ ಈ ಊರಿನಲ್ಲಿ ಸಾಂಬಾರ್ ಪುಡಿಯೂ ಸಿಗುತ್ತಿರಲಿಲ್ಲವಂತೆ. ಒಪ್ಪಿದೆ. ಆದರೆ ಅವರ ಗ್ರೀನ್ ಕಾರ್ಡ್ ಎರಡು ವರ್ಷದಲ್ಲಿ ಬಂದಿತ್ತು, ಇದೂ ಅವರೇ ಹೇಳಿದ್ದು. ಸಾಂಬಾರ್ ಪುಡಿಯನ್ನು ನಾನು ಮನೆಯಲ್ಲೇ ಕುಟ್ಟಿಕೊಳ್ಳುತ್ತೇನೆ. ಪ್ರಯಾರಿಟಿ ಡೇಟನ್ನು ಕುಟ್ಟಿಕೊಳ್ಳಲು ಆಗುವುದಿಲ್ಲ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಮುಖದ ಮೇಲಿತ್ತು. ಇದು ಅವರ ಮನೆ ವಿಷಯ, ನಾವ್ಯಾಕೆ? ನನಗೆ ಜಾಸ್ತಿ ನೋವಾದದ್ದು ಇದರಿಂದ. ಸಭೆ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಇಬ್ಬರು ನನ್ನ ಹತ್ತಿರ ಬಂದರು, ಒಬ್ಬರಾದ ಮೇಲೆ ಒಬ್ಬರು. ಇಬ್ಬರೂ ದನಿ ತಗ್ಗಿಸಿ ಹೇಳಿದ್ದು ಒಂದೇ ಮಾತು: “ನಮ್ಮ ಮನೇಲೂ ಇದೇ ಕಥೆ, ಯಾರಿಗೂ ಹೇಳಬೇಡಿ.” ಇಬ್ಬರೂ ಸಮಿತಿಯವರೇ. ಒಳಗೆ ಕೂತಾಗ ಇಬ್ಬರೂ ತುಟಿ ಬಿಚ್ಚಿರಲಿಲ್ಲ. ಅವರನ್ನು ದೂರುವುದಿಲ್ಲ, ನಾಲ್ಕು ವರ್ಷ ನಾನೂ ಹೀಗೆಯೇ ಇದ್ದೆ. ಆದರೆ ಹೀಗೆ ಪಾರ್ಕಿಂಗ್‌ನಲ್ಲಿ ಪಿಸುಗುಟ್ಟುವ ಮನೆಗಳು ನಮ್ಮ ಕೂಟದಲ್ಲಿ ಎಷ್ಟಿವೆ ಅಂತ ನಿಮಗಾದರೂ ಗೊತ್ತೇ?

ನಾನು ಕೇಳುವುದು ದೊಡ್ಡದೇನಲ್ಲ. ವಿದ್ಯಾರ್ಥಿವೇತನದ ಅರ್ಜಿಯಿಂದ ಆ ನಾಲ್ಕನೇ ಸಾಲನ್ನು ತೆಗೆಯಿರಿ. ಇದಕ್ಕೆ ವಾಷಿಂಗ್ಟನ್ನಿನ ಅಪ್ಪಣೆ ಬೇಡ, ಮುಂದಿನ ಸಭೆಯಲ್ಲಿ ಕೈ ಎತ್ತಿದರೆ ಸಾಕು. ಬೇರೆ ಊರಿನ ಕೂಟದವರು ನಿಮ್ಮ ಅರ್ಜಿಯನ್ನೂ ಒಮ್ಮೆ ತೆರೆದು ನೋಡಿ.

ವರ್ಷಕ್ಕೆ ಒಂದು ಭಾನುವಾರ, ಕನ್ನಡ ತರಗತಿ ಮುಗಿದ ಮೇಲೆ, ಒಬ್ಬ ವಲಸೆ ವಕೀಲರನ್ನು ಕರೆಸಿ. ಮಕ್ಕಳು ಹನ್ನೆರಡು ಹದಿಮೂರರಲ್ಲಿದ್ದಾಗಲೇ ಅಪ್ಪ ಅಮ್ಮನಿಗೆ ಈ ಲೆಕ್ಕ ಗೊತ್ತಾಗಬೇಕು. ಇಪ್ಪತ್ತರಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ. ವರ್ಷ ವರ್ಷ ಬೇಕೇ ಅಂತ ಕೇಳಬೇಡಿ. 2023ರ ಫೆಬ್ರವರಿಯಲ್ಲಿ ಮಕ್ಕಳ ವಯಸ್ಸನ್ನು ಅರ್ಜಿ ಹಾಕುವ ದಿನಾಂಕದ ಪಟ್ಟಿ ನೋಡಿ ಲೆಕ್ಕ ಹಾಕುತ್ತೇವೆ ಎಂದರು, ಎಷ್ಟೋ ಮಕ್ಕಳು ಉಳಿದರು. 2025ರ ಆಗಸ್ಟ್ 15ರಿಂದ ಹೊಸ ಅರ್ಜಿಗಳಿಗೆ ಅದನ್ನು ತೆಗೆದು ಹಳೇ ಲೆಕ್ಕಕ್ಕೆ ಹೋದರು. ಎರಡೂವರೆ ವರ್ಷದಲ್ಲಿ ಎರಡು ಸಲ ನಿಯಮ ಬದಲಾಯಿತು. ಇದನ್ನು ವಾಟ್ಸಾಪ್ ಫಾರ್ವರ್ಡ್ ನಂಬಿಕೊಂಡು ಮಾಡಲು ಆಗುತ್ತದೆಯೇ?

ಮನವಿಗೆ ಸಹಿ ಹಾಕಿ. ಕೂಟದ ಹೆಸರು ಬೇಡ ಅನ್ನಿಸಿದರೆ ನಿಮ್ಮ ನಿಮ್ಮ ಹೆಸರಿನಲ್ಲಿ ಹಾಕಿ. ನಿಮ್ಮಲ್ಲಿ ಬಹಳ ಜನ ಇಲ್ಲಿನ ಪ್ರಜೆಗಳು, ವೋಟು ಹಾಕುವವರು. ನನ್ನ ಪತ್ರ ಹೋದರೆ ಕಾಂಗ್ರೆಸ್ ಸದಸ್ಯರ ಕಚೇರಿಯಿಂದ ಒಂದು ಸಿದ್ಧ ಉತ್ತರ ಬರುತ್ತದೆ, ಈಗಾಗಲೇ ಮೂರು ಬಂದಿವೆ. ವೋಟರ್ ಫೋನ್ ಮಾಡಿದರೆ ಬೇರೆ ಮಾತು.

ಇನ್ನೊಂದು ಸಣ್ಣ ಮಾತು. ಮಕ್ಕಳ ಮುಂದೆ “ಗ್ರೀನ್ ಕಾರ್ಡ್ ಆಯ್ತಾ?” ಅಂತ ಊಟದ ಸಾಲಿನಲ್ಲಿ ಕೇಳಬೇಡಿ. ಆಗಿದ್ದರೆ ನಾವೇ ಮೈಸೂರುಪಾಕ್ ಹಂಚುತ್ತಿದ್ದೆವು.

ಈ ವರ್ಷದ ಅರ್ಜಿ ಮಾರ್ಚಿನಲ್ಲಿ ಹೊರಬರುತ್ತದೆ. ನನ್ನ ಮಗಳಿಗೆ ಅದು ಇನ್ನು ಬೇಡ, ಅವಳು ಆ ವಯಸ್ಸು ದಾಟಿದಳು. ಮೊನ್ನೆ ತರಗತಿಯ ಹಳೇ ಹಾಜರಿ ಪುಸ್ತಕ ತೆಗೆದು ಕೂತಿದ್ದೆ. ಅದರಲ್ಲಿ ಹುಟ್ಟಿದ ದಿನದ ಕಾಲಂ ಇದೆ, ಕೇಕ್ ತರಲು ಅನುಕೂಲವಾಗಲಿ ಅಂತ ನಾನೇ ಹಾಕಿದ್ದು. ಎಚ್-4 ಅಂತ ನನಗೆ ಖಚಿತವಾಗಿ ಗೊತ್ತಿರುವ ಏಳು ಮಕ್ಕಳ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಇಪ್ಪತ್ತೊಂದು ಕೂಡಿಸಿ ಬರೆದಿದ್ದೇನೆ. ಮೊದಲನೆಯದು 2027ರ ಜೂನ್. ಪುಸ್ತಕ ನನ್ನ ಚೀಲದಲ್ಲೇ ಇರುತ್ತದೆ. ಮುಂದಿನ ಸಭೆಗೆ ತರುತ್ತೇನೆ, ಅದಕ್ಕೆ ಐದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಇಟ್ಟುಕೊಳ್ಳಿ.

ಇಂತಿ,
ಭಾನುವಾರದ ಕನ್ನಡ ತರಗತಿಯ ಟೀಚರ್